ಜುಮ್ಮೆನ್ನುವ ಹಲ್ಲು: ಪೇಸ್ಟ್ ಬದಲಿಸುವ ಮುನ್ನ ತಿಳಿಯಬೇಕಾದದ್ದು

ತಣ್ಣೀರು ತಾಗಿದೊಡನೆ ಒಂದು ಹಲ್ಲು ಜುಮ್ಮೆನ್ನುತ್ತದೆ. ಐಸ್ ಹಾಕಿದ ಶರಬತ್ತು, ಉಪ್ಪು ಖಾರ ಸವರಿದ ಮಾವಿನಕಾಯಿ, ಬಿಸಿ ಜಿಲೇಬಿ, ಕೆಲವರಿಗೆ ಲೋಕಲ್ ರೈಲಿನ ಬಾಗಿಲಲ್ಲಿ ನಿಂತಾಗ ಬಾಯಿಗೆ ಹೊಡೆಯುವ ಗಾಳಿಯೇ ಸಾಕು. ಎರಡು ಮೂರು ಕ್ಷಣ ಕಣ್ಣು ಮುಚ್ಚುವಂತೆ ಮಾಡಿ ನೋವು ಹೊರಟುಹೋಗುತ್ತದೆ. ಹಾಗೆ ಬಂದು ಹೋಗುವ ನೋವಿಗೆ ಯಾರೂ ರಜೆ ಹಾಕಿ ಡಾಕ್ಟರರ ಬಳಿ ಹೋಗುವುದಿಲ್ಲ. ಸ್ಟೇಷನ್ ಹೊರಗಿನ ಮೆಡಿಕಲ್‌ನಲ್ಲಿ ಟಿವಿಯಲ್ಲಿ ಕಂಡ ಪೇಸ್ಟ್ ಕೊಳ್ಳುತ್ತಾರೆ, ಒಂದು ವಾರ ಉಜ್ಜುತ್ತಾರೆ, ಗುಣ ಕಾಣದಿದ್ದರೆ ಇನ್ನೊಂದು ಕಂಪನಿಯದು ತರುತ್ತಾರೆ. ಆಮೇಲೆ ಆ ಬದಿಯಲ್ಲಿ ಅಗಿಯುವುದನ್ನೇ ಬಿಟ್ಟುಬಿಡುತ್ತಾರೆ.

ಜುಮ್ಮೆನ್ನುವುದು ಹಲ್ಲಿನ ಮೇಲಿನ ರಕ್ಷಣೆ ಎಲ್ಲೋ ಹೋಗಿದೆ ಎಂಬುದರ ಸೂಚನೆ. ಪೇಸ್ಟ್ ಆ ಜಾಗವನ್ನು ಒಂದಿಷ್ಟು ಮುಚ್ಚಬಲ್ಲದು, ನರವನ್ನು ಸುಮ್ಮನಾಗಿಸಬಲ್ಲದು. ಆದರೆ ರಕ್ಷಣೆಯನ್ನು ತಿಂದುಹಾಕಿದ ಕಾರಣ ಹಾಗೆಯೇ ಉಳಿದರೆ ಇಂದು ಮುಚ್ಚಿದ್ದು ನಾಳೆ ಮತ್ತೆ ತೆರೆಯುತ್ತದೆ. ಆ ಕಾರಣವನ್ನು ಬಹುಮಟ್ಟಿಗೆ ನಮ್ಮ ದಿನಚರಿಯಲ್ಲೇ ಹುಡುಕಬೇಕು.

ನವಿ ಮುಂಬಯಿಯ ರಬಾಳೆಯಂಥ ಊರಿನಲ್ಲಿ ಈ ಮಾತಿಗೆ ಹೆಚ್ಚು ಅರ್ಥವಿದೆ. ಠಾಣೆ–ಬೇಲಾಪುರ ರಸ್ತೆಯುದ್ದಕ್ಕೂ ಹಬ್ಬಿರುವ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮದ (ಎಂಐಡಿಸಿ) ಟಿಟಿಸಿ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ, ಎಂಜಿನಿಯರಿಂಗ್ ಕಾರ್ಖಾನೆಗಳಿವೆ. ಇಲ್ಲಿನ ಕನ್ನಡಿಗರಲ್ಲಿ ಕರಾವಳಿಯಿಂದ ಬಂದ ಹೋಟೆಲಿನವರಿದ್ದಾರೆ, ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದ ಕಟ್ಟಡ ಕೆಲಸದವರಿದ್ದಾರೆ, ಐರೋಲಿ ಮತ್ತು ಮಹಾಪೆಯ ಐಟಿ ಕಚೇರಿಗಳಿಗೆ ಹೋಗುವವರಿದ್ದಾರೆ. ಒಬ್ಬರಿಗೆ ಆಮ್ಲದ ಹೊಗೆ, ಒಬ್ಬರಿಗೆ ಮಶೇರಿ ಎಂಬ ತಂಬಾಕಿನ ಪುಡಿ, ಇನ್ನೊಬ್ಬರಿಗೆ ರಾತ್ರಿ ಪಾಳಿಯ ಕೋಲಾ. ನೋವು ಎಲ್ಲರಿಗೂ ಒಂದೇ ಬಗೆಯದು, ಅದು ಹೊಕ್ಕ ದಾರಿ ಮಾತ್ರ ಬೇರೆ.

ಹಲ್ಲಿನೊಳಗೆ ನಡೆಯುವುದೇನು?

ಹಲ್ಲಿನ ಹೊರಪದರ ಎನಾಮಲ್. ತೂಕದಲ್ಲಿ ಶೇಕಡ 96ರಷ್ಟು ಖನಿಜವಿರುವ ಇದು ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ಅದರಲ್ಲಿ ನರವಿಲ್ಲ, ಹಾಗಾಗಿ ನೋವೂ ಇಲ್ಲ. ಆದರೆ ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹುಟ್ಟುವ ಹೊತ್ತಿಗೆ ಇಲ್ಲವಾಗಿರುತ್ತವೆ. ಚರ್ಮ, ಮೂಳೆ ಮತ್ತೆ ಬೆಳೆಯುತ್ತವೆ, ಸವೆದ ಎನಾಮಲ್ ಬೆಳೆಯುವುದಿಲ್ಲ.

ಅದರ ಕೆಳಗಿರುವುದು ಡೆಂಟಿನ್. ಇದು ಸ್ವಲ್ಪ ಮೆದು, ಬಣ್ಣ ತುಸು ಹಳದಿ. ಇದರ ತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ನಳಿಕೆಗಳಿರುತ್ತವೆ. ಒಂದು ಚದರ ಮಿಲಿಮೀಟರ್ ಜಾಗದಲ್ಲೇ ಹತ್ತಾರು ಸಾವಿರ ನಳಿಕೆಗಳು ಹಲ್ಲಿನ ತಿರುಳಿನಿಂದ ಹೊರಮುಖವಾಗಿ ಹೊರಟಿರುತ್ತವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ, ಒಳತುದಿಯಲ್ಲಿ ನರದ ಎಳೆಗಳಿರುತ್ತವೆ. ಸ್ವೀಡನ್ನಿನ ದಂತವಿಜ್ಞಾನಿ ಮಾರ್ಟಿನ್ ಬ್ರಾನ್‌ಸ್ಟ್ರೋಮ್ 1960ರ ದಶಕದಲ್ಲಿ ಪ್ರಯೋಗಗಳಿಂದ ತೋರಿಸಿದ್ದು ಇದನ್ನೇ: ನಳಿಕೆಯ ಹೊರಬಾಯಿ ತೆರೆದಿದ್ದರೆ ತಣ್ಣೀರು, ಗಾಳಿ, ಸಿಹಿ ತಾಗಿದಾಗ ಒಳಗಿನ ದ್ರವ ಸರಕ್ಕನೆ ಚಲಿಸುತ್ತದೆ, ಆ ಚಲನೆ ನರವನ್ನು ಕೆರಳಿಸುತ್ತದೆ. ತಂಪು, ಗಾಳಿ, ಸಿಹಿ ಮೂರೂ ದ್ರವವನ್ನು ಹೊರಮುಖವಾಗಿ ಎಳೆಯುತ್ತವೆ. ಬಿಸಿ ಅದನ್ನು ಒಳಕ್ಕೆ ತಳ್ಳುತ್ತದೆ, ಅದೂ ನಿಧಾನವಾಗಿ. ಕಟಿಂಗ್ ಚಹಾ ಕುಡಿದಾಗ ಸುಮ್ಮನಿರುವ ಹಲ್ಲು ಫ್ರಿಜ್ಜಿನ ನೀರಿಗೆ ಹಾರುವುದು ಇದೇ ಕಾರಣಕ್ಕೆ.

ಡೆಂಟಿನ್ ಹೊರಬೀಳುವುದು ಎರಡು ರೀತಿಯಲ್ಲಿ. ಒಂದು, ಎನಾಮಲ್ ಸವೆದು ಹೋಗಿ. ಇನ್ನೊಂದು, ವಸಡು ಕೆಳಗೆ ಸರಿದು. ಮಳೆಗೆ ಮಣ್ಣು ಕೊಚ್ಚಿಹೋದಾಗ ಮರದ ಬೇರು ಕಾಣುವಂತೆ, ವಸಡು ಸರಿದಾಗ ಹಲ್ಲಿನ ಬೇರಿನ ಭಾಗ ಹೊರಬೀಳುತ್ತದೆ. ಬೇರಿನ ಮೇಲೆ ಎನಾಮಲ್ ಇರುವುದೇ ಇಲ್ಲ. ಅಲ್ಲಿರುವ ಸಿಮೆಂಟಮ್ ಎಂಬ ತೆಳು ಹೊದಿಕೆ ಉಜ್ಜಾಟಕ್ಕೆ ಬೇಗ ಕಿತ್ತುಹೋಗುತ್ತದೆ. ಜುಮ್ಮೆನ್ನುವ ಜಾಗ ಹೆಚ್ಚಾಗಿ ಕೋರೆಹಲ್ಲು ಮತ್ತು ಅದರ ಹಿಂದಿನ ಎರಡು ಹಲ್ಲುಗಳ ಬುಡದಲ್ಲೇ ಇರುತ್ತದೆ. ಬ್ರಷ್ಷಿನ ಹೊಡೆತ ಅತಿಯಾಗಿ ಬೀಳುವುದೂ ಅಲ್ಲಿಯೇ.

ಮೊದಲು ನೋವನ್ನು ಗುರುತಿಸಿ

ತಂಪಿಗೆ ನೋಯುವ ಹಲ್ಲೆಲ್ಲ ಸೆನ್ಸಿಟಿವಿಟಿಯ, ಅಂದರೆ ಡೆಂಟಿನ್ ತೆರೆದು ಜುಮ್ಮೆನ್ನುವ, ಹಲ್ಲಲ್ಲ. ಹುಳುಕು, ಬಿರುಕು, ಹಳೆಯ ಫಿಲ್ಲಿಂಗ್ ಸಡಿಲಾಗಿರುವುದು, ತಿರುಳಿನ ಉರಿಯೂತ, ಕೊನೆಗೆ ಸೈನಸ್ ಕೂಡ ಮೊದಮೊದಲು ಹೀಗೆಯೇ ತೋರಬಹುದು. ಪೇಸ್ಟ್ ಕೊಳ್ಳುವ ಮುನ್ನ ಈ ನಾಲ್ಕನ್ನು ಗಮನಿಸಿ.

1. ತಂಪು, ಹುಳಿ, ಸಿಹಿ ತಾಗಿದಾಗ ಮಾತ್ರ ಚುಳ್ಳೆಂದು, ಅದು ದೂರವಾದೊಡನೆ ಕೆಲವೇ ಕ್ಷಣಗಳಲ್ಲಿ ನಿಂತರೆ ಅದು ಸಾಮಾನ್ಯ ಸೆನ್ಸಿಟಿವಿಟಿ. ಇದಕ್ಕೆ ಮನೆಯಲ್ಲಿ ಆರೈಕೆ ಶುರುಮಾಡಬಹುದು.

2. ತಣ್ಣೀರು ನುಂಗಿದ ಮೇಲೂ ಅರ್ಧ ನಿಮಿಷ, ಒಂದು ನಿಮಿಷ ನೋವು ಉಳಿದರೆ, ರಾತ್ರಿ ಮಲಗಿದಾಗ ತಾನಾಗಿ ಎದ್ದರೆ, ಬಿಸಿಗೆ ಹೆಚ್ಚಿ ತಂಪಿಗೆ ತಣಿದರೆ ತಿರುಳಿಗೆ ಪೆಟ್ಟು ಬಿದ್ದಿದೆ ಎಂದು ತಿಳಿಯಿರಿ. ಪೇಸ್ಟ್ ಇಲ್ಲಿ ಕಾಲಹರಣ.

3. ಕಚ್ಚಿದಾಗ, ಅದರಲ್ಲೂ ಕಚ್ಚಿದ್ದನ್ನು ಬಿಡುವ ಕ್ಷಣದಲ್ಲಿ ಚುಚ್ಚಿದರೆ ಹಲ್ಲಿನಲ್ಲಿ ಬಿರುಕಿರಬಹುದು. ಹಲ್ಲಿನಿಂದಲೇ ಅಡಿಕೆ ಒಡೆಯುವವರಲ್ಲಿ, ಬಾಟಲಿಯ ಮುಚ್ಚಳ ತೆಗೆಯುವವರಲ್ಲಿ ಇದಕ್ಕೆ ಅವಕಾಶ ಹೆಚ್ಚು.

4. ಒಂದೇ ಹಲ್ಲು ನೋಯುತ್ತಿದ್ದು ಅಲ್ಲಿ ಕಪ್ಪು ಚುಕ್ಕೆ, ಗುಳಿ, ಆಹಾರ ಸಿಕ್ಕಿಕೊಳ್ಳುವ ಸಂದು ಇದ್ದರೆ ಹುಳುಕನ್ನು ಶಂಕಿಸಿ. ಹಲವು ಹಲ್ಲುಗಳ ಬುಡ ಒಟ್ಟಿಗೆ ಜುಮ್ಮೆನ್ನುತ್ತಿದ್ದರೆ ಸವೆತ ಅಥವಾ ವಸಡಿನ ಕಡೆ ನೋಡಿ.

ಮುಖ ಬಾತಿದ್ದರೆ, ಜ್ವರವಿದ್ದರೆ, ವಸಡಿನಲ್ಲಿ ಕೀವಿದ್ದರೆ, ಬಾಯಿ ತೆರೆಯಲು ಕಷ್ಟವಾದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಬ್ರಷ್, ಹಲ್ಲುಪುಡಿ, ಮಶೇರಿ

ನಮ್ಮಲ್ಲಿ ಹಲ್ಲುಜ್ಜುವುದೆಂದರೆ ಪಾತ್ರೆ ತಿಕ್ಕುವ ಉತ್ಸಾಹ ಹಲವರಿಗೆ. ಗಟ್ಟಿ ಬ್ರಷ್ ಹಿಡಿದು ಎಡಕ್ಕೂ ಬಲಕ್ಕೂ ಗರಗಸದಂತೆ ಎಳೆದರೆ ಹಲ್ಲಿನ ಬುಡದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಗಾಯ ಬೀಳುತ್ತದೆ. ಉಗುರಿನಿಂದ ಸವರಿದರೆ ಕೈಗೇ ಸಿಗುತ್ತದೆ. ಬಲಗೈಯವರಿಗೆ ಬಾಯಿಯ ಎಡಬದಿಯಲ್ಲಿ ಇದು ಹೆಚ್ಚಾಗಿ ಕಾಣುವುದೂ ಉಂಟು.

ಇದ್ದಿಲು ಪುಡಿ, ಇಟ್ಟಿಗೆ ಪುಡಿ, ಹರಳುಪ್ಪು, ಒರಟು ಕೆಂಪು ಹಲ್ಲುಪುಡಿಗಳು ಬ್ರಷ್ಷಿಗಿಂತ ಕೆಟ್ಟವು. ಉತ್ತರ ಕರ್ನಾಟಕದ ಕೆಲವು ಊರುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಚಿಕ್ಕಂದಿನಲ್ಲೇ ಹಲ್ಲಿಗೆ ಕಂದು ಕಲೆ ಬಿದ್ದಿರುತ್ತದೆ. ಆ ಕಲೆ ಎನಾಮಲ್ಲಿನ ಒಳಗೇ ಇರುವುದರಿಂದ ಎಷ್ಟು ತಿಕ್ಕಿದರೂ ಹೋಗದು. ತಿಕ್ಕಿದಷ್ಟೂ ಎನಾಮಲ್ ತೆಳುವಾಗುತ್ತದೆ, ಅಷ್ಟೆ. ಕಲೆ ತೆಗೆಸುವ ಮನಸ್ಸಿದ್ದರೆ ಅದು ದಂತವೈದ್ಯರ ಕುರ್ಚಿಯಲ್ಲಿ ಆಗಬೇಕಾದ ಕೆಲಸ.

ಇನ್ನು ಮಶೇರಿ. ತಂಬಾಕನ್ನು ಹೆಂಚಿನ ಮೇಲೆ ಹುರಿದು ಪುಡಿಮಾಡಿ ಬೆರಳಿನಿಂದ ಹಲ್ಲಿಗೆ ತಿಕ್ಕುವ ಈ ರೂಢಿ ಮಹಾರಾಷ್ಟ್ರದಲ್ಲಿ ಹೆಂಗಸರಲ್ಲಿ ಹೆಚ್ಚು, ಗಡಿಜಿಲ್ಲೆಗಳ ಕನ್ನಡ ಮನೆಗಳಿಗೂ ಅಪರಿಚಿತವಲ್ಲ. ತಿಕ್ಕಿದ ಕೂಡಲೇ ಹಲ್ಲುನೋವು ಮರೆತಂತಾಗುವುದರಿಂದ ಅದನ್ನು ಮದ್ದೆಂದೇ ನಂಬಿದವರಿದ್ದಾರೆ. ಅದು ಮಾಡುವುದು ಇಷ್ಟು: ವಸಡನ್ನು ಕೆಳಗೆ ಸರಿಸುತ್ತದೆ, ಬೇರನ್ನು ಬಯಲಿಗಿಡುತ್ತದೆ, ಚಟ ಅಂಟಿಸುತ್ತದೆ, ಬಾಯಿ ಕ್ಯಾನ್ಸರಿನ ಅಪಾಯ ತರುತ್ತದೆ. ಹಲ್ಲುಪುಡಿ, ಪೇಸ್ಟ್‌ಗಳಲ್ಲಿ ತಂಬಾಕು ಬೆರೆಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿದೆ. ಮನೆಯ ಹೆಂಚಿನ ಮೇಲೆ ಹುರಿಯುವುದನ್ನು ಆ ನಿಷೇಧ ಮುಟ್ಟದು, ಅದನ್ನು ಮನೆಯವರೇ ನಿಲ್ಲಿಸಬೇಕು. ತಂಬಾಕು ಬಿಡಲು ನೆರವು ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಉಚಿತ ಸಂಖ್ಯೆಗೆ ಕರೆ ಮಾಡಬಹುದು.

ಉಜ್ಜುವ ಸರಿಯಾದ ಕ್ರಮ ಸುಲಭ. ‘ಸಾಫ್ಟ್’ ಎಂದು ಬರೆದಿರುವ ಬ್ರಷ್ ತನ್ನಿ. ಪೆನ್ಸಿಲ್ ಹಿಡಿಯುವ ಹಾಗೆ ಬೆರಳ ತುದಿಗಳಲ್ಲಿ ಹಿಡಿಯಿರಿ, ಮುಷ್ಟಿಯಲ್ಲಿ ಹಿಡಿದರೆ ಬಲ ಹೆಚ್ಚಾಗುತ್ತದೆ. ಎಳೆಗಳನ್ನು ವಸಡು–ಹಲ್ಲು ಸೇರುವಲ್ಲಿ ಓರೆಯಾಗಿ ಇಟ್ಟು ಸಣ್ಣ ಸುತ್ತುಗಳಲ್ಲಿ ಆಡಿಸಿ. ಬೆಳಿಗ್ಗೆ, ರಾತ್ರಿ ಎರಡೆರಡು ನಿಮಿಷ ಸಾಕು. ಮೂರು ತಿಂಗಳಿಗೊಮ್ಮೆ, ಎಳೆಗಳು ಕೆದರಿದ್ದರೆ ಅದಕ್ಕೂ ಮೊದಲೇ, ಬ್ರಷ್ ಬದಲಿಸಿ.

ಹುಳಿ ಎಷ್ಟು, ಯಾವಾಗ?

ಬಾಯಿಯ ಆಮ್ಲೀಯತೆಯ ಅಳತೆ, ಅಂದರೆ ಪಿಎಚ್, ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಡೆಂಟಿನ್ ಅದಕ್ಕೂ ಮೊದಲೇ, 6ರ ಆಸುಪಾಸಿನಲ್ಲೇ ಕರಗಲು ಶುರು. ನಿಂಬೆರಸ ಮತ್ತು ಕೋಲಾ ಪಾನೀಯಗಳ ಪಿಎಚ್ 2ರಿಂದ 3ರ ನಡುವೆ. ಹುಣಸೆ, ಕೋಕಂ ಎಂದು ಇಲ್ಲಿ ಕರೆಯುವ ನಮ್ಮ ಪುನರ್ಪುಳಿ, ಮಾವಿನಕಾಯಿ, ಪಾನಿಪುರಿಯ ನೀರು ಎಲ್ಲವೂ ಹುಳಿಯೇ. ಮೊಸರೂ ಹುಳಿಯಾದರೂ ಅದರಲ್ಲಿ ಕ್ಯಾಲ್ಸಿಯಂ ತುಂಬಿರುವುದರಿಂದ ಹಲ್ಲಿಗೆ ಅಷ್ಟು ಅಪಾಯವಿಲ್ಲ.

ಹಾಗೆಂದು ಸಾರು, ಸಾಂಬಾರು ಬಿಡಬೇಕಿಲ್ಲ. ಊಟದ ಜೊತೆ ಬರುವ ಹುಳಿಯನ್ನು ಅನ್ನ, ಪಲ್ಯ, ಜೊಲ್ಲು ಸೇರಿ ಹದಮಾಡುತ್ತವೆ. ಹಾನಿ ನಿಂತಿರುವುದು ಹುಳಿ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ದಿನಕ್ಕೆ ಎಷ್ಟು ಸಲ ಬರುತ್ತದೆ ಎಂಬುದರ ಮೇಲೆ. ಜೊಲ್ಲು ಬಾಯಿಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಒಂದು ಲೋಟ ಶರಬತ್ತನ್ನು ಐದು ನಿಮಿಷದಲ್ಲಿ ಕುಡಿದು ಮುಗಿಸಿದವನಿಗಿಂತ, ಅರ್ಧ ಲೀಟರ್ ಕೋಲಾ ಬಾಟಲಿಯನ್ನು ಕಂಪ್ಯೂಟರಿನ ಪಕ್ಕದಲ್ಲಿಟ್ಟು ಪಾಳಿಯುದ್ದಕ್ಕೂ ಗುಟುಕರಿಸುವವನ ಹಲ್ಲು ಬೇಗ ಸವೆಯುತ್ತದೆ. ಬಿಸಿಲಲ್ಲಿ ಸ್ಲ್ಯಾಬ್ ಹಾಕುವವರು, ಬಿಸಿ ಶೆಡ್ಡಿನೊಳಗೆ ಬೆವರುವವರು ನಿಂಬೆ–ಗ್ಲೂಕೋಸ್ ನೀರನ್ನು ಹಾಗೆಯೇ ಗಂಟೆಗಟ್ಟಲೆ ಕುಡಿಯುತ್ತಾರೆ. ಬೆವರಿ ದೇಹದ ನೀರು ಇಳಿದಾಗ ಜೊಲ್ಲೂ ಕಡಿಮೆಯಾಗಿರುತ್ತದೆ, ಹುಳಿಯನ್ನು ತಡೆಯುವ ಶಕ್ತಿ ಇನ್ನೂ ಕುಂದುತ್ತದೆ.

ಹೀಗೆ ಮಾಡಿ: ದಾಹಕ್ಕೆ ನೀರು ಅಥವಾ ಮಜ್ಜಿಗೆ. ಶರಬತ್ತು ಬೇಕೆನಿಸಿದರೆ ಊಟದ ಹೊತ್ತಿಗೆ, ಒಮ್ಮೆಗೇ ಕುಡಿದು ಮುಗಿಸಿ. ಹುಳಿ ತಿಂದ ಕೂಡಲೇ ನೀರಿನಿಂದ ಬಾಯಿ ಮುಕ್ಕಳಿಸಿ. ಆಮ್ಲಕ್ಕೆ ಮೆತ್ತಗಾದ ಎನಾಮಲ್ಲನ್ನು ಬ್ರಷ್ ಇನ್ನಷ್ಟು ಕೆರೆಯುವುದರಿಂದ ಅರ್ಧ ಗಂಟೆಯಾದರೂ ಹಲ್ಲುಜ್ಜಬೇಡಿ. ನಿಂಬೆಹೋಳು, ಹುಣಸೆ ಉಂಡೆಯನ್ನು ದವಡೆಯಲ್ಲಿಟ್ಟು ಚೀಪುವುದನ್ನು ಬಿಡಿ. ಹಲ್ಲು ಬೆಳ್ಳಗಾಗಲು ನಿಂಬೆ ಮತ್ತು ಅಡುಗೆ ಸೋಡಾ ಹಚ್ಚಿ ಎನ್ನುವ ಮೊಬೈಲ್ ವಿಡಿಯೋಗಳನ್ನು ನೋಡಿ ಸುಮ್ಮನಾಗಿ.

ಹುಳಿ ಹೊಟ್ಟೆಯಿಂದಲೂ ಬರುತ್ತದೆ. ರಾತ್ರಿ ಹನ್ನೊಂದಕ್ಕೆ ಪಾಳಿ ಮುಗಿಸಿ, ಖಾರದ ಊಟ ಉಂಡು, ತಕ್ಷಣ ಮಲಗುವವರಲ್ಲಿ ಹುಳಿತೇಗು, ಎದೆಯುರಿ ಸಾಮಾನ್ಯ. ಜಠರದ ಆಮ್ಲ ಬಾಯಿಯವರೆಗೆ ಬಂದರೆ ಹಲ್ಲುಗಳ ಒಳಮೈ, ಮುಖ್ಯವಾಗಿ ಮೇಲಿನ ಮುಂಭಾಗದ ಹಲ್ಲುಗಳ ಹಿಂಬದಿ ಸವೆಯುತ್ತದೆ. ಕನ್ನಡಿಯಲ್ಲಿ ಕಾಣದ ಈ ಸವೆತವನ್ನು ದಂತವೈದ್ಯರು ಗುರುತಿಸಬಲ್ಲರು. ಊಟಕ್ಕೂ ನಿದ್ದೆಗೂ ಎರಡು ಮೂರು ಗಂಟೆ ಅಂತರವಿಡಿ, ಎದೆಯುರಿಗೆ ಚಿಕಿತ್ಸೆ ಪಡೆಯಿರಿ. ಬಸುರಿಯ ವಾಂತಿಗೂ ಇದೇ ಮಾತು. ವಾಂತಿಯಾದ ಮೇಲೆ ಒಂದು ಬಟ್ಟಲು ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಮುಕ್ಕಳಿಸಬೇಕು, ಕೂಡಲೇ ಬ್ರಷ್ ಹಿಡಿಯಬಾರದು.

ಕಾರ್ಖಾನೆಯ ಗಾಳಿಯಲ್ಲಿ ಆಮ್ಲ

ಹಲ್ಲಿನ ಬಗ್ಗೆ ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುವ ವಿಷಯವೊಂದಿದೆ. ಬ್ಯಾಟರಿ ತಯಾರಿಕೆ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್, ಗ್ಯಾಲ್ವನೈಸಿಂಗ್, ಆಮ್ಲದ ತೊಟ್ಟಿಯಲ್ಲಿ ಲೋಹ ತೊಳೆಯುವ ಪಿಕ್ಲಿಂಗ್ ಕೆಲಸಗಳಲ್ಲಿ ಗಂಧಕಾಮ್ಲ, ಹೈಡ್ರೋಕ್ಲೋರಿಕ್ ಆಮ್ಲದ ಆವಿ ಗಾಳಿಗೆ ಸೇರುತ್ತದೆ. ಮಾತಾಡುವಾಗ, ಬಾಯಿಂದ ಉಸಿರಾಡುವಾಗ ಅದು ತುಟಿ ಮುಚ್ಚದ ಮುಂಭಾಗದ ಹಲ್ಲುಗಳಿಗೆ ತಾಗುತ್ತದೆ. ವರ್ಷಗಳು ಕಳೆದಂತೆ ಮುಂದಿನ ಹಲ್ಲುಗಳು ಅಂಚು ತೆಳುವಾಗಿ, ಗಿಡ್ಡವಾಗಿ, ಜುಮ್ಮೆನ್ನತೊಡಗುತ್ತವೆ. ಇಂಥ ಕಾರ್ಖಾನೆಗಳ ಕಾರ್ಮಿಕರಲ್ಲಿ ಈ ಸವೆತ ಹಲವು ದೇಶಗಳಲ್ಲಿ ದಾಖಲಾಗಿದೆ. ಹಿಂದಿನ ದವಡೆಹಲ್ಲು ಚೆನ್ನಾಗಿದ್ದು ಮುಂದಿನವು ಮಾತ್ರ ಸವೆದಿದ್ದರೆ ನಿಮ್ಮ ಕೆಲಸದ ಸ್ವರೂಪವನ್ನು ದಂತವೈದ್ಯರಿಗೆ ಹೇಳಲೇಬೇಕು. ಅವರು ಕೇಳದಿದ್ದರೂ ಹೇಳಿ. ಕಲ್ಲು ಕ್ವಾರಿ, ಗ್ರೈಂಡಿಂಗ್ ಕೆಲಸದವರಲ್ಲಿ ಹಲ್ಲಿನ ಮೇಲ್ಮೈಯನ್ನು ಅರೆಯುವ ಧೂಳೂ ಇದೇ ಬಗೆಯ ತೊಂದರೆ ಕೊಡುತ್ತದೆ.

ಬಟ್ಟೆಯ ಕರವಸ್ತ್ರವಾಗಲಿ ಧೂಳಿನ ಮಾಸ್ಕ್ ಆಗಲಿ ಆಮ್ಲದ ಆವಿಯನ್ನು ತಡೆಯವು. ಅದಕ್ಕೆ ಆಮ್ಲ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಅದಕ್ಕಿಂತ ಮುಖ್ಯವಾದದ್ದು ತೊಟ್ಟಿಯ ಬಾಯಲ್ಲೇ ಆವಿಯನ್ನು ಎಳೆದುಕೊಳ್ಳುವ ಎಕ್ಸಾಸ್ಟ್. ಕೆಲಸದ ನಡುವೆ ಆಗಾಗ ನೀರಿನಿಂದ ಬಾಯಿ ತೊಳೆಯುವುದು ಕಾರ್ಮಿಕರ ಕೈಯಲ್ಲೇ ಇದೆ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರಿಗೆ 12 ತಿಂಗಳಿಗೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಮಾಡಿಸಬೇಕೆಂಬ ನಿಯಮ ಬಂತು. ನಿಮ್ಮ ಕಂಪನಿಯಲ್ಲಿ ವಾರ್ಷಿಕ ತಪಾಸಣೆ ನಡೆದಾಗ ಎದೆ, ಕಣ್ಣು, ರಕ್ತದ ಜೊತೆಗೆ ಹಲ್ಲನ್ನೂ ನೋಡಿ ಬರೆದುಕೊಳ್ಳುವಂತೆ ಕೇಳಿ.

ಹಲ್ಲು ಕಡಿಯುವ ರಾತ್ರಿಗಳು

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಅದು ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ. ಬೆಳಿಗ್ಗೆ ದವಡೆ ಬಿಗಿದಂತಿರುವುದು, ಕಪೋಲ ನೋಯುವುದು, ದವಡೆಹಲ್ಲುಗಳ ಮೇಲ್ಭಾಗ ಚಪ್ಪಟೆಯಾಗಿರುವುದು ಇದರ ಗುರುತು. ಇದಕ್ಕೆ ದಂತವೈದ್ಯರು ಅಳತೆ ತೆಗೆದು ರಾತ್ರಿ ಹಾಕಿಕೊಳ್ಳುವ ನೈಟ್ ಗಾರ್ಡ್ ಮಾಡಿಕೊಡುತ್ತಾರೆ. ದಿನವಿಡೀ ಅಡಿಕೆ ಜಗಿಯುವವರ ಹಲ್ಲೂ ಹೀಗೆಯೇ ಚಪ್ಪಟೆಯಾಗುತ್ತದೆ. ಅವರಿಗೆ ಇರುವ ಗಾರ್ಡ್ ಒಂದೇ, ಅಡಿಕೆ ಬಿಡುವುದು.

ಪೇಸ್ಟ್ ಆರಿಸುವುದು ಹೇಗೆ?

ಸೆನ್ಸಿಟಿವ್ ಹಲ್ಲಿನ ಪೇಸ್ಟ್‌ಗಳು ಎರಡು ರೀತಿ ಕೆಲಸ ಮಾಡುತ್ತವೆ. ಮೊದಲ ಗುಂಪಿನಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇರುತ್ತದೆ, ಸಾಮಾನ್ಯ ಪ್ರಮಾಣ ಶೇಕಡ 5. ಇದು ನರವನ್ನು ಮೆಲ್ಲಗೆ ಶಾಂತಗೊಳಿಸುತ್ತದೆ, ಹಾಗಾಗಿ ಎರಡರಿಂದ ನಾಲ್ಕು ವಾರ ಬೇಕು. ಎರಡನೇ ಗುಂಪು ನಳಿಕೆಯ ಬಾಯಿಯನ್ನೇ ಮುಚ್ಚುವಂಥದ್ದು. ಸ್ಟ್ರಾನ್ಷಿಯಂ, ಆರ್ಜಿನಿನ್, ಸ್ಟಾನಸ್ ಫ್ಲೋರೈಡ್, ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್ ಈ ಗುಂಪಿಗೆ ಸೇರಿವೆ. 1961ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಸೆನ್ಸೋಡೈನ್‌ನ ಮೊದಲ ಪೇಸ್ಟ್‌ನಲ್ಲಿದ್ದದ್ದು ಸ್ಟ್ರಾನ್ಷಿಯಂ ಕ್ಲೋರೈಡ್. ಈಗ ಅದೇ ಹೆಸರಿನಲ್ಲಿ ಬೇರೆ ಬೇರೆ ಮದ್ದಿನ ಪೇಸ್ಟ್‌ಗಳಿವೆ. ಆದ್ದರಿಂದ ಕಂಪನಿಯ ಹೆಸರು ನೋಡಿದರೆ ಸಾಲದು, ಪೆಟ್ಟಿಗೆಯ ಹಿಂಬದಿಯಲ್ಲಿ ಮದ್ದಿನ ಹೆಸರು ಓದಿ. ಒಂದು ಗುಂಪಿನದು ನಾಲ್ಕು ವಾರಕ್ಕೂ ಫಲ ಕೊಡದಿದ್ದರೆ ವೈದ್ಯರನ್ನು ಕೇಳಿ ಇನ್ನೊಂದು ಗುಂಪಿನದಕ್ಕೆ ಬದಲಿಸಿ. ಅದೇ ಮದ್ದಿನ ಬೇರೆ ಕಂಪನಿಯದು ತಂದರೆ ಖರ್ಚಷ್ಟೇ.

ಪೇಸ್ಟ್‌ನಲ್ಲಿ ಫ್ಲೋರೈಡ್ ಇರಲಿ. ನಮ್ಮ ದೇಶದ ನಿಯಮದಂತೆ ಪೇಸ್ಟ್‌ನ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ, ಅದನ್ನು ಪೆಟ್ಟಿಗೆಯ ಮೇಲೆ ಬರೆದಿರಬೇಕು. ‘ವೈಟನಿಂಗ್’ ಎಂಬ ಹೆಸರಿನವು, ಇದ್ದಿಲಿನವು, ಸಿಗರೇಟು ಕಲೆ ತೆಗೆಯುವಂಥವು ಹೆಚ್ಚು ಒರಟಾಗಿರುವ ಸಾಧ್ಯತೆಯಿಂದ ಜುಮ್ಮೆನ್ನುವ ಹಲ್ಲಿಗೆ ಸಲ್ಲವು.

ಜಾಹೀರಾತನ್ನು ತೂಗಿ ನೋಡಿ. ‘ಜಗತ್ತಿನಾದ್ಯಂತ ದಂತವೈದ್ಯರ ಶಿಫಾರಸು’, ‘ಜಗತ್ತಿನ ನಂಬರ್ 1’ ಎಂಬಂಥ ಮಾತುಗಳಿದ್ದ ಸೆನ್ಸೋಡೈನ್ ಜಾಹೀರಾತುಗಳು ದಾರಿತಪ್ಪಿಸುವಂಥವು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ತೀರ್ಮಾನಿಸಿ, ಅವನ್ನು ನಿಲ್ಲಿಸಲು ಹೇಳಿ 10 ಲಕ್ಷ ರೂಪಾಯಿ ದಂಡ ಹಾಕಿತು. ಪೇಸ್ಟ್‌ನ ಮದ್ದು ಸುಳ್ಳೆಂದು ಇದರ ಅರ್ಥವಲ್ಲ. ಪೇಸ್ಟ್ ನಿಮಗೆ ಬೇಕೋ ಬೇಡವೋ ಎಂಬುದನ್ನು ಟಿವಿ ಹೇಳಲಾರದು ಎಂದಷ್ಟೇ ಅರ್ಥ.

12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಈ ಪೇಸ್ಟ್‌ಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಮಗು ಹಲ್ಲು ಜುಮ್ ಎನ್ನುತ್ತಿದೆ ಎಂದರೆ ಮೊದಲು ಹುಳುಕು ಇದೆಯೇ ಎಂದು ತೋರಿಸಬೇಕು.

ನಾಲ್ಕು ವಾರದ ಕ್ರಮ

ಮೊದಲ ವಾರ: ಗಟ್ಟಿ ಬ್ರಷ್, ಹಲ್ಲುಪುಡಿ ಎರಡನ್ನೂ ಬಿಟ್ಟು ಸಾಫ್ಟ್ ಬ್ರಷ್ ಹಿಡಿಯಿರಿ. ಯಾವ ಹಲ್ಲು, ಯಾವುದಕ್ಕೆ, ಎಷ್ಟು ಹೊತ್ತು ನೋಯುತ್ತದೆ ಎಂದು ಮೊಬೈಲಿನಲ್ಲಿ ಬರೆದಿಡಿ. ಮುಂದೆ ವೈದ್ಯರು ಕೇಳುವ ಮೊದಲ ಪ್ರಶ್ನೆಗಳು ಇವೇ.

ಮೊದಲ ದಿನದಿಂದಲೇ ದಿನಕ್ಕೆರಡು ಬಾರಿ, ನೀವು ಆರಿಸಿದ ಸೆನ್ಸಿಟಿವ್ ಪೇಸ್ಟ್‌ನಿಂದ ಉಜ್ಜಿ. ರಾತ್ರಿ ಉಜ್ಜಿದ ಮೇಲೆ ಕಡಲೆಕಾಳಿನಷ್ಟು ಪೇಸ್ಟನ್ನು ಬೆರಳಿನಿಂದ ನೋಯುವ ಬುಡಕ್ಕೆ ಹಚ್ಚಿ. ನೊರೆ ಉಗಿದು ಸುಮ್ಮನಾಗಿ, ನೀರು ಹಾಕಿ ಹತ್ತಾರು ಸಲ ಮುಕ್ಕಳಿಸಿದರೆ ಮದ್ದೂ ತೊಳೆದುಹೋಗುತ್ತದೆ.

ಎರಡನೇ ವಾರದಿಂದ: ಹುಳಿ ಪಾನೀಯದ ಲೆಕ್ಕ ಹಿಡಿಯಿರಿ. ಊಟದಾಚೆಗೆ ದಿನಕ್ಕೆ ಒಂದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ. ನೋಯುತ್ತದೆಂದು ಆ ಬದಿ ಉಜ್ಜುವುದನ್ನು ಮಾತ್ರ ಬಿಡಬೇಡಿ. ಅಲ್ಲಿ ಪಾಚಿ ಕೂತರೆ ವಸಡು ಇನ್ನಷ್ಟು ಸರಿಯುತ್ತದೆ, ನೋವು ಹೆಚ್ಚುತ್ತದೆ.

ನಾಲ್ಕನೇ ವಾರದ ಕೊನೆಗೆ: ಬರೆದಿಟ್ಟದ್ದನ್ನು ತೆಗೆದು ನೋಡಿ. ನೋವು ಅರ್ಧಕ್ಕಿಳಿದಿದ್ದರೆ ಅಭ್ಯಾಸ ಮುಂದುವರಿಸಿ. ಹಾಗೆಯೇ ಇದ್ದರೆ ಮನೆಮಟ್ಟದ ಕೆಲಸ ಮುಗಿಯಿತು, ಇನ್ನು ದಂತವೈದ್ಯರ ಬಳಿ ಹೋಗಿ.

ವೈದ್ಯರು ಏನು ಮಾಡುತ್ತಾರೆ?

ಕಾರಣಕ್ಕೆ ತಕ್ಕ ಚಿಕಿತ್ಸೆ. ಸವೆತ ಸಣ್ಣದಿದ್ದರೆ ಬುಡಕ್ಕೆ ಫ್ಲೋರೈಡ್ ವಾರ್ನಿಷ್ ಅಥವಾ ನಳಿಕೆ ಮುಚ್ಚುವ ದ್ರವ ಹಚ್ಚುತ್ತಾರೆ. ಕೆಲವೇ ನಿಮಿಷದ ಕೆಲಸ, ತಿಂಗಳುಗಳ ನಂತರ ಮತ್ತೆ ಹಚ್ಚಬೇಕಾಗಬಹುದು. ಗುಳಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ತುಂಬುತ್ತಾರೆ. ವಸಡು ತುಂಬಾ ಸರಿದಿದ್ದರೆ ವಸಡಿನ ತಜ್ಞರು ಅಂಗುಳಿನಿಂದ ಚೂರು ತೆಗೆದು ಕಸಿ ಮಾಡುವುದುಂಟು. ರೂಟ್ ಕೆನಾಲ್ ಕೊನೆಯ ಮಾತು. ಕೆಲವೇ ಕ್ಷಣ ಇರುವ ಜುಮ್ಮಿಗೆ ಯಾರಾದರೂ ಮೊದಲ ಭೇಟಿಯಲ್ಲೇ ರೂಟ್ ಕೆನಾಲ್ ಹೇಳಿದರೆ ಕಾರಣ ಕೇಳಿ, ಎಕ್ಸ್‌ರೇ ತೋರಿಸಲು ಹೇಳಿ, ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಸಂದು ಬೀಳುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಸಂದು ಮೊದಲೇ ಇರುತ್ತದೆ, ಅದನ್ನು ಗಟ್ಟಿಕಟ್ಟಿದ ಕಿಟ್ಟ ತುಂಬಿರುತ್ತದೆ. ಕಿಟ್ಟ ಹೋದಾಗ ಬೇರು ತೆರೆದುಕೊಂಡು ಕೆಲವು ದಿನ ಜುಮ್ಮೆನ್ನುವುದು ನಿಜ. ವಸಡು ಗಟ್ಟಿಯಾದಂತೆ ಅದು ಇಳಿಯುತ್ತದೆ. ಕಿಟ್ಟವನ್ನು ಹಾಗೇ ಬಿಟ್ಟರೆ ವಸಡಿನ ಜೊತೆ ಮೂಳೆಯೂ ಕರಗಿ ಹಲ್ಲು ನಿಜವಾಗಿಯೇ ಸಡಿಲವಾಗುತ್ತದೆ. ಸಕ್ಕರೆ ಕಾಯಿಲೆಯವರು ಇದರಲ್ಲಿ ಇನ್ನೂ ಎಚ್ಚರವಾಗಿರಬೇಕು.

ಮನೆಮದ್ದಿನ ಬಗ್ಗೆ ಎರಡು ಮಾತು. ಲವಂಗದೆಣ್ಣೆ ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ, ಸವೆತವನ್ನು ಮುಚ್ಚದು. ಹಸಿಯಾಗಿ ಸುರಿದರೆ ವಸಡು ಸುಡುತ್ತದೆ. ನೋವಿನ ಮಾತ್ರೆಯನ್ನು ಪುಡಿಮಾಡಿ ಹಲ್ಲಿನ ಬುಡದಲ್ಲಿಡುವುದು ಇನ್ನೂ ಕೆಟ್ಟದ್ದು. ಆಸ್ಪಿರಿನ್ ಹೀಗಿಟ್ಟರೆ ಕೆನ್ನೆಯ ಒಳಪದರ ಬೆಂದುಹೋಗುತ್ತದೆ.

ರಬಾಳೆಯಿಂದ ಎಲ್ಲಿಗೆ?

ಇಎಸ್‌ಐ ಇರುವ ಕಾರ್ಮಿಕರು ಮೊದಲು ತಮ್ಮ ಇಎಸ್‌ಐ ದವಾಖಾನೆಯಲ್ಲಿ ಹಲ್ಲಿನ ಚಿಕಿತ್ಸೆಗೆ ಎಲ್ಲಿಗೆ ಚೀಟಿ ಕೊಡುತ್ತಾರೆಂದು ಕೇಳಬೇಕು. ಪ್ರತಿ ತಿಂಗಳು ಪಗಾರದಿಂದ ಹಣ ಹೋಗುತ್ತಿರುವಾಗ ಆ ಹಕ್ಕನ್ನು ಬಳಸದೆ ಬಿಡುವುದೇಕೆ? ನಗರಪಾಲಿಕೆಯ ಆಸ್ಪತ್ರೆ ಪಕ್ಕದ ಐರೋಲಿಯಲ್ಲೂ ವಾಶಿಯಲ್ಲೂ ಇದೆ.

ಕಡಿಮೆ ಖರ್ಚಿನಲ್ಲಿ ಪೂರ್ತಿ ಚಿಕಿತ್ಸೆ ಬೇಕಾದವರಿಗೆ ದಂತ ಕಾಲೇಜುಗಳು ಒಳ್ಳೆಯ ದಾರಿ. ನವಿ ಮುಂಬಯಿಯಲ್ಲಿ ಅವು ಹಲವಿವೆ: ನೆರೂಳದಲ್ಲಿ ಡಿ.ವೈ. ಪಾಟೀಲ್ ಮತ್ತು ತೇರ್ಣಾ, ಬೇಲಾಪುರದಲ್ಲಿ ಭಾರತಿ ವಿದ್ಯಾಪೀಠ, ಖಾರ್‌ಘರ್‌ನಲ್ಲಿ ವೈ.ಎಂ.ಟಿ., ಕಾಮೋಠೆಯಲ್ಲಿ ಎಂ.ಜಿ.ಎಂ. ರಬಾಳೆಯಿಂದ ಪನವೇಲ್ ಲೋಕಲ್ ಹಿಡಿದರೆ ನೆರೂಳ, ಬೇಲಾಪುರ, ಖಾರ್‌ಘರ್ ಒಂದೇ ದಾರಿಯಲ್ಲಿ ಸಿಗುತ್ತವೆ. ಮುಂಬಯಿಗೆ ಹೋಗಬಲ್ಲವರಿಗೆ ಸಿಎಸ್‌ಎಂಟಿ ಬಳಿಯ ಸರ್ಕಾರಿ ದಂತ ಕಾಲೇಜು, ಮುಂಬಯಿ ಸೆಂಟ್ರಲ್ಲಿನ ನಾಯರ್ ಆಸ್ಪತ್ರೆಯ ದಂತ ಕಾಲೇಜು ಇವೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಗಾವಲಿನಲ್ಲಿ ಚಿಕಿತ್ಸೆ ಮಾಡುವುದರಿಂದ ಸಮಯ ಹೆಚ್ಚು ಹಿಡಿಯುತ್ತದೆ. ಬೆಳಿಗ್ಗೆಯೇ ಹೋಗಿ ಕೇಸ್ ಪೇಪರ್ ಮಾಡಿಸಿ, ಎರಡು ಮೂರು ಭೇಟಿಗೆ ತಯಾರಾಗಿರಿ. ರಾತ್ರಿ ಪಾಳಿಯ ವಾರದಲ್ಲಿ ಹೋದರೆ ಒಂದು ದಿನದ ಪಗಾರ ಉಳಿಯುತ್ತದೆ.

ಖಾಸಗಿ ಕ್ಲಿನಿಕ್ಕಿಗೆ ಹೋಗುವವರು ಬಿಡಿಎಸ್ ಪದವಿ ಮತ್ತು ರಾಜ್ಯ ದಂತ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ. ಕಾನೂನಿನ ಪ್ರಕಾರ ನೋಂದಣಿ ಇಲ್ಲದವರು ಹಲ್ಲಿನ ಚಿಕಿತ್ಸೆ ನಡೆಸುವಂತಿಲ್ಲ. ನಾಕಾದಲ್ಲಿ ಕೂತು ಯಾವುದೋ ದ್ರವ ಹಚ್ಚಿ ಹಲ್ಲು ಬೆಳ್ಳಗೆ ಮಾಡಿಕೊಡುವವರ ಮುಂದೆ ಬಾಯಿ ತೆರೆಯಲೇಬೇಡಿ.

ಸವೆದ ಎನಾಮಲ್ಲನ್ನು ಯಾವ ಪೇಸ್ಟೂ ಯಾವ ವೈದ್ಯರೂ ಮತ್ತೆ ಬೆಳೆಸಲಾರರು. ಉಳಿದಿರುವುದನ್ನು ಉಳಿಸಿಕೊಳ್ಳಲು ಬೇಕಾದದ್ದು ಮೆದು ಬ್ರಷ್, ಹುಳಿಗೊಂದು ಮಿತಿ, ತಂಬಾಕಿಗೆ ವಿದಾಯ, ಕೆಲಸದ ಜಾಗದಲ್ಲಿ ಸರಿಯಾದ ಮಾಸ್ಕ್. ಇಷ್ಟು ಮಾಡಿಯೂ ನಾಲ್ಕು ವಾರದಲ್ಲಿ ಬಗ್ಗದ ಹಲ್ಲನ್ನು ಐದನೇ ವಾರ ದಂತವೈದ್ಯರಿಗೆ ತೋರಿಸಿ. ಫಿಲ್ಲಿಂಗಿನಲ್ಲಿ ಮುಗಿಯಬಹುದಾದದ್ದನ್ನು ರೂಟ್ ಕೆನಾಲ್‌ವರೆಗೆ ಬೆಳೆಯಲು ಬಿಡಬೇಡಿ.